ಏಳು ಗಿಡ ತೂಗಿದ ಗಾರ್ಡು

ಅವರ ಬಲಗೈ ಹೆಬ್ಬೆರಳು, ತೋರುಬೆರಳು ಎರಡರ ತುದಿಗಳೂ ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ಅರಗಿನ ಗುರುತು. ಹಿಡಿದ ಮಾಲನ್ನು ಬಟ್ಟೆಯಲ್ಲಿ ಕಟ್ಟಿ, ದಾರದ ಗಂಟಿನ ಮೇಲೆ ಅರಗು ಕರಗಿಸಿ ಸುರಿದು ಸೀಲ್ ಒತ್ತುವುದು ಅವರ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದರು. ಒಲೆಯಿಂದ ಇಳಿಸಿದ ಟೀ ಲೋಟವನ್ನು ಆ ಎರಡು ಬೆರಳಲ್ಲೇ ಹಿಡಿದು ಮಾತಾಡುತ್ತಾ ನಿಲ್ಲುವರು. ನೋಡುವವರಿಗೆ ಬಿಸಿ, ಅವರಿಗೆ ಏನೂ ಇಲ್ಲ.

ಗಾಂಜಾ, ಕಳ್ಳಬಟ್ಟಿ ಹಿಡಿಯುವ ಸರ್ಕಾರಿ ಕೆಲಸದಲ್ಲಿ ಇದ್ದವರು. ನಮ್ಮ ಬೇಗೂರಲ್ಲಿ ಎಲ್ಲರೂ ಗಾರ್ಡು ಅಂತಲೇ ಕರೆಯುತ್ತಿದ್ದರು. ರಿಟೈರ್ ಆದ ಮೇಲೂ ಅದೇ. ನಾನೂ ಹಾಗೇ ಕರೆಯುತ್ತೇನೆ.

ವಿಷಯ ನೇರವಾಗಿ ಹೇಳಿಬಿಡುತ್ತೇನೆ. ನಮ್ಮಪ್ಪನನ್ನು ಹಿಡಿದವರಲ್ಲಿ ಅವರೂ ಒಬ್ಬರು. ನಮ್ಮ ಅರಿಶಿನದ ಹೊಲದ ಮೂಲೆಯಲ್ಲಿ ಏಳು ಭಂಗಿ ಗಿಡ ಇದ್ದವು. ಗಾಂಜಾ ಅನ್ನುವುದು ಅದನ್ನೇ. ಗದ್ದುಗೆ ಪೂಜೆಗೆ ಇಡಲು, ದನಕ್ಕೆ ಹೊಟ್ಟೆ ಉಬ್ಬರ ಬಂದರೆ ಅರೆದು ಕುಡಿಸಲು ಎರಡು ಗಿಡ ಹಾಕಿದ್ದು, ಉಳಿದ ಐದು ಬಿದ್ದ ಬೀಜಕ್ಕೆ ಹುಟ್ಟಿದ್ದು ಅಂತ ಅಪ್ಪ ಹೇಳುತ್ತಾನೆ. ನಾನು ನೋಡಿಲ್ಲ. ನೋಡಿದ್ದು, ಮಳೆಯಲ್ಲಿ ಆ ಏಳನ್ನೂ ಕಿತ್ತು ಕಟ್ಟಿ ಗಾರ್ಡು ತಕ್ಕಡಿಗೆ ನೇತುಹಾಕಿದ್ದು. ಇಪ್ಪತ್ತೆರಡು ಕೆಜಿ ಅಂತ ಬರೆದುಕೊಂಡರು. ಇಪ್ಪತ್ತು ದಾಟಿದರೆ ದೊಡ್ಡ ವ್ಯಾಪಾರಿ ಲೆಕ್ಕಕ್ಕೆ ಸೇರಿಸುತ್ತಾರೆ, ಬೇಲ್ ಸಿಗುವುದು ಕಷ್ಟ ಅಂತ ಲಾಯರು ಹೇಳಿದಾಗಲೇ ನಮಗೆ ಗೊತ್ತಾಗಿದ್ದು. ಎರಡು ಸಲ ಅರ್ಜಿ ಹಾಕಿದೆವು. ಎರಡು ಸಲವೂ ಆಗಲಿಲ್ಲ. ಅಪ್ಪ ಚಾಮರಾಜನಗರದಲ್ಲಿ ಜೈಲಲ್ಲೇ ಉಳಿದ.

ಹತ್ತು ತಿಂಗಳಾದ ಮೇಲೆ ಒಂದು ದಿನ ಗಾರ್ಡು ನಮ್ಮ ಬಾಗಿಲಿಗೆ ಬಂದರು. ಅಷ್ಟರಲ್ಲಿ ರಿಟೈರ್ ಆಗಿದ್ದರು. ಕಂಕುಳಲ್ಲಿ ಒಂದು ಉದ್ದನೆ ನೋಟ್‌ಬುಕ್ಕು.

“ಯಾರ್ ಬೇಕಿತ್ತು?” ಅಂದಳು ಅವ್ವ. ಗೊತ್ತಿದ್ದೇ ಕೇಳಿದಳು.

“ನಿನ್ ಮಗ ಬೇಕಿತ್ತು ಕಣವ್ವ.”

“ಗಂಡನ್ನ ತಕೊಂಡೋಗಿದ್ದೀರಿ. ಈಗ ಮಗನೂ ಬೇಕಾ?”

ಗಾರ್ಡು ನನ್ನ ಕಡೆ ತಿರುಗಿದರು. “ಒಂದು ಮೆರವಣಿಗೆ ಮಾಡ್ತೀನಿ ಕಣಪ್ಪ. ಭಂಗಿ ಗಿಡನ ಕಾನೂನಾಗೆ ಬುಡ್ಬೇಕು, ಮನೆಬಳಕೆಗೆ ಬೆಳೆದೋರ್ನ ಜೈಲಿಗೆ ಹಾಕ್ಬಾರ್ದು ಅಂತ. ಆಮ್ಯಾಕೆ ಒಂದಿನದ ಹಬ್ಬ. ತಂಬೂರಿಯೋರು ಬತ್ತಾರೆ. ಕೇಸ್ ಬಿದ್ದಿರೋ ಮನೆಯೋರ ಹೆಸ್ರು ಬರ್ಕೋತಾ ಇವ್ನಿ.”

“ಬರ್ಕೊಂಡು ಯಾರಿಗೆ ಕೊಡ್ತೀರಿ?”

“ಪೊಲೀಸ್ನೋರಿಗೆ. ಪರ್ಮಿಷನ್ ಕೇಳಕ್ಕೆ ಹೆಸ್ರು ಬೇಕಲ್ಲ.”

ಅವ್ವ ಜೋರಾಗಿ ನಕ್ಕುಬಿಟ್ಟಳು. ಅಪ್ಪ ಜೈಲಿಗೆ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಅದು ಒಳ್ಳೇ ನಗು ಅಲ್ಲ.

ಗುಂಡ್ಲುಪೇಟೆಯ ಟೀ ಅಂಗಡಿಗಳಲ್ಲಿ ಅವರದೇ ಮಾತು. ಕೇರಳದ ವ್ಯಾಪಾರಿಗಳು ಅವರ ಬೆನ್ನ ಹಿಂದೆ ಇದ್ದಾರೆ ಅಂತ ಕೆಲವರು. ಗಿಡ ಇಟ್ಟವರನ್ನೆಲ್ಲ ಒಂದೇ ಕಡೆ ಸೇರಿಸಿ ಹಿಡಿಸುವ ಪ್ಲಾನು ಅಂತ ಕೆಲವರು. “ಅವ್ನು ರಿಟೈರ್ ಆಗಿರೋದು ಸಂಬಳಕ್ಕೆ ಮಾತ್ರ ಕಣ್ಲಾ” ಅಂತ ಒಬ್ಬ ಹೇಳಿದ. ನನಗೆ ಅದೇ ಸರಿ ಅನ್ನಿಸಿತು.

ಲಾಯರು ಇನ್ನೂ ಹೆದರಿಸಿದರು. ಗಾರ್ಡು ನಮ್ಮ ಕೇಸಲ್ಲಿ ಸರ್ಕಾರದ ಕಡೆ ಸಾಕ್ಷಿ. ಅವರ ಜೊತೆ ಓಡಾಡಿದರೆ ಸಾಕ್ಷಿಯನ್ನು ಒಲಿಸಿಕೊಂಡ ಅಂತ ನನ್ನ ಮೇಲೇ ತಿರುಗುತ್ತದೆ, ದೂರ ಇರು ಅಂದರು. ಆದರೂ ಹೋದೆ. ನನ್ನದು ಗೂಡ್ಸ್ ಆಟೊ. ಮೈಕ್ ಸೆಟ್ಟು ಸಾಗಿಸಲು ಗಾಡಿ ಬೇಕು ಅಂದರು, ಬರುತ್ತೇನೆ ಅಂದೆ. ದೂರ ಇದ್ದರೆ ಅವರು ಏನು ಮಾಡುತ್ತಿದ್ದಾರೆ ಅಂತ ಹೇಗೆ ತಿಳಿಯುವುದು? ಅವರು ಮಾತಾಡುವಾಗ ಜೇಬಲ್ಲಿ ಫೋನ್ ರೆಕಾರ್ಡಿಂಗ್ ಹಾಕಿಕೊಂಡೇ ಇರುತ್ತಿದ್ದೆ.

ಆ ರೆಕಾರ್ಡಿಂಗಲ್ಲಿ ಸಿಕ್ಕಿದ್ದು ಏನೆಂದರೆ, ಮನುಷ್ಯ ಎಲ್ಲದಕ್ಕೂ ಪಂಚರನ್ನು ಕರೆಯುತ್ತಾರೆ. ದಾಳಿ ಮಾಡಿದಾಗ ಊರಿನ ಇಬ್ಬರನ್ನು ನಿಲ್ಲಿಸಿಕೊಂಡು, ಅವರ ಕಣ್ಣೆದುರೇ ಎಲ್ಲ ಬರೆದು ಸೈನ್ ಹಾಕಿಸುವುದು ಸರ್ಕಾರದ ಪದ್ಧತಿ. ಗಾರ್ಡಿಗೆ ಅದು ಮೈಗೆ ಹತ್ತಿಬಿಟ್ಟಿತ್ತು. ಮನೆಯ ಮಿಕ್ಸಿ ರಿಪೇರಿಗೆ ಕೊಡುವಾಗಲೂ ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆದು, “ನೋಡ್ರಪ್ಪ, ಜಾರು ಒಡ್ದಿಲ್ಲ, ಮುಚ್ಚಳ ಅದೆ” ಅಂತ ತೋರಿಸಿದ್ದನ್ನು ನಾನೇ ಕಂಡೆ. ಮಿಕ್ಸಿ ಅಂಗಡಿಯವನು, “ನಾನೇನ್ ಜಾರ್ ತಿನ್ತೀನಾ ಸಾ?” ಅಂದ. “ತಿನ್ನಾಕಿಲ್ಲ ಕಣಪ್ಪ. ಆದ್ರೂ ಕಂಡೋರಿಬ್ರು ಇರ್ಲಿ” ಅಂದರು. ಇದು ಅವರ ಮಾತು. ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಬಸ್ ಸ್ಟ್ಯಾಂಡಿನ ಗೋಡೆಗೆ ಪೋಸ್ಟರ್ ಅಂಟಿಸುವಾಗ ಮಹಿಳಾ ಸಂಘದ ಅಧ್ಯಕ್ಷೆ ಬಂದರು. ಹಿಂದೆ ಏಳೆಂಟು ಹೆಂಗಸರು. ಆಯಮ್ಮ ಮಾತಾಡುವ ಮೊದಲೇ ಪೋಸ್ಟರ್ ಹರಿದರು.

“ನನ್ ಮಗ ಕಾಲೇಜು ಬುಟ್ಟು ಮೈಸೂರಾಗೆ ಚಟ ಬುಡಿಸೋ ಆಸ್ಪತ್ರೆಲಿ ಮಲಗವ್ನೆ. ಈ ಸೊಪ್ಪಿಗೆ ಹಬ್ಬ ಮಾಡ್ತೀರಾ? ನಿಮ್ಗೇನಾದ್ರೂ ಮಾನ ಅದಾ?”

ಗಾರ್ಡು ಕೈಯಲ್ಲಿದ್ದ ಅಂಟನ್ನು ಪಂಚೆಗೆ ಒರೆಸಿಕೊಂಡರು. “ನಿನ್ ಮಗನಿಗೆ ಮಾರಿದೋನ್ನ ಮೂವತ್ತು ವರ್ಸದಾಗೆ ಒಂದ್ ಸಲಾನೂ ನಾನು ಹಿಡೀನಿಲ್ಲ ಕಣವ್ವ. ಹಿತ್ಲಲ್ಲಿ ಗಿಡ ಇಟ್ಟಿದ್ದೋರ್ನ ಹಿಡ್ದೆ. ಅವ್ರು ಓಡಾಕಿಲ್ಲವಲ್ಲ.”

“ಅದಕ್ಕೆ ಈಗ ಎಲ್ರಿಗೂ ಹಂಚ್ತೀರಾ?”

“ಒಂದು ಎಲೆ ಇರಾಕಿಲ್ಲ. ನೀನೇ ಬಂದು ಗೇಟಲ್ಲಿ ನಿಂತ್ಕೊ. ಬ್ಯಾಗು, ಜೇಬು ಎಲ್ಲಾನೂ ನೀನೇ ನೋಡು.”

“ಬತ್ತೀನಿ. ಒಂದು ಎಲೆ ಸಿಕ್ಕುದ್ರೆ ನಿಮ್ಮನ್ನೇ ಮೊದ್ಲು ಒಳಕ್ಕೆ ಹಾಕುಸ್ತೀನಿ.”

“ಹಾಕ್ಸು” ಅಂದರು ಗಾರ್ಡು. ಇನ್ನೊಂದು ಪೋಸ್ಟರ್ ತೆಗೆದರು. ಆಯಮ್ಮ ಅದನ್ನೂ ಹರಿದರು.

ಹಬ್ಬಕ್ಕೆ ಎರಡು ದಿನ ಇರುವಾಗ ಗುಂಡ್ಲುಪೇಟೆಯಲ್ಲಿ ಜಾಗ ಕೊಡುತ್ತೇನೆ ಅಂದಿದ್ದವನು ಕೈ ಎತ್ತಿದ. ಅಂಗಡಿಯವರ ಒತ್ತಡ. ಗಾರ್ಡು ಹಬ್ಬವನ್ನು ಬೇಗೂರಿಗೆ, ತಮ್ಮದೇ ಹುರುಳಿ ಕೊಯ್ದ ಹೊಲಕ್ಕೆ ಬದಲಾಯಿಸಿದರು. ಪೊಲೀಸರು ಒಪ್ಪಿದರು. ಸ್ಕೂಲ್ ಮುಂದೆ ಕೂಗಬಾರದು, ಮಧ್ಯಾಹ್ನ ಒಂದಕ್ಕೆ ಮುಗಿಸಬೇಕು, ಸೊಪ್ಪು ಕಂಡರೆ ಎಲ್ಲರ ಮೇಲೂ ಕೇಸು ಅಂತ ಷರತ್ತು. ಇಷ್ಟು ಸುಲಭವಾಗಿ ಯಾಕೆ ಒಪ್ಪಿದರು ಅಂತ ನನಗೆ ಅನುಮಾನ ಇನ್ನೂ ಜಾಸ್ತಿಯಾಯಿತು.

ಆವತ್ತು ಬೆಳಿಗ್ಗೆ ಗಾಡಿಗೆ ಮೈಕ್ ಬಾಕ್ಸು ತುಂಬುತ್ತಿದ್ದೆ. ಗಾರ್ಡು ಒಂದು ಒದ್ದೆ ಗೋಣಿ ಮೂಟೆ ತಂದು ಬಾಕ್ಸುಗಳ ಹಿಂದೆ ತುರುಕಿದರು. “ಏನಿದು?” ಅಂದೆ. “ಹಬ್ಬಕ್ಕೆ ಬೇಕು, ಬುಡು” ಅಂದು ಹೊರಟೇಹೋದರು. ಮೂಟೆಯ ಕೆಳಗಿಂದ ಕೆಸರು ಸೋರುತ್ತಿತ್ತು. ಬಾಯಿ ಕಟ್ಟಿದ ಕಡೆ ಒಂದು ಎಲೆ ಆಚೆ ಬಂದಿತ್ತು. ಕೈಬೆರಳು ಬಿಡಿಸಿದ ಹಾಗೆ ಸೀಳು ಸೀಳು ಎಲೆ, ಮುದುರಿ ಹೋಗಿತ್ತು.

ಭಂಗಿಯೇ ಅಂದುಕೊಂಡೆ. ಗಾಡಿ ನನ್ನ ಹೆಸರಲ್ಲಿದೆ. ಅಪ್ಪ ಆಯಿತು, ಈಗ ನಾನು. ಬಿಚ್ಚಿ ನೋಡಲೂ ಹೆದರಿಕೆ. ಮುಟ್ಟಿದರೆ ನನ್ನ ಕೈ ಗುರುತು ಬೀಳುತ್ತದೆ ಅಂತ. ಹಾಗೇ ಗಾಡಿ ಓಡಿಸಿದೆ.

ಮೆರವಣಿಗೆಗೆ ನಲವತ್ತು ಜನ ಇದ್ದರೆ ಹೆಚ್ಚು. ಎಲ್ಲ ಕೇಸು ಬಿದ್ದ ಮನೆಯವರು. ಹರವೆ ಕಡೆಯಿಂದ ಒಂದು ಟೆಂಪೋ ಬಂದಿತ್ತು. ಅಂಗಡಿಯವರು ಅರ್ಧ ಷಟರ್ ಎಳೆದು ಒಳಗಿಂದ ನೋಡುತ್ತಿದ್ದರು. ಸಂಘದ ಹೆಂಗಸರು ಕಪ್ಪು ಬಟ್ಟೆ ಹಿಡಿದು ರಸ್ತೆಯ ಎರಡು ಕಡೆ ನಿಂತಿದ್ದರು. ಅವರೂ ಕೂಗಲಿಲ್ಲ, ನಾವೂ ಕೂಗಲಿಲ್ಲ. ಸಾವಿನ ಮನೆಗೆ ಹೋಗುವವರ ಹಾಗೆ ನಡೆದೆವು. ಕಾಲೇಜು ಹುಡುಗನೊಬ್ಬ ಎಲೆ ಚಿತ್ರದ ಟೀ ಶರ್ಟ್ ಹಾಕಿಕೊಂಡು ಬಂದಿದ್ದ. ಗಾರ್ಡು ಅವನನ್ನು ರಸ್ತೆಯಲ್ಲೇ ನಿಲ್ಲಿಸಿ, ಅಂಗಿ ತೆಗೆಸಿ, ಒಳಗಡೆಯನ್ನು ಹೊರಗೆ ಮಾಡಿ ಹಾಕಿಸಿದರು.

ಹೊಲದ ಗೇಟಲ್ಲಿ ಸಂಘದ ಅಧ್ಯಕ್ಷೆ ಬ್ಯಾಗು ನೋಡುತ್ತಿದ್ದರು. ಪಕ್ಕದಲ್ಲಿ ಇಬ್ಬರು ಪೊಲೀಸರು. ನಾನು ಗಾಡಿ ನಿಲ್ಲಿಸಿ ನೇರವಾಗಿ ಆಯಮ್ಮನ ಹತ್ತಿರ ಹೋದೆ.

“ಅಕ್ಕ, ಗಾಡಿಲಿ ಒಂದು ಮೂಟೆ ಅದೆ. ನಂದಲ್ಲ, ಗಾರ್ಡುದು. ಎಲ್ರ ಮುಂದೆ ನೀವೇ ಬಿಚ್ಚಿ.”

ಪೊಲೀಸರು ಓಡಿ ಬಂದರು. ಜನ ಸುತ್ತಿಕೊಂಡರು. ಆಯಮ್ಮ ಮೂಟೆ ಎಳೆದು ಬಾಯಿ ಬಿಚ್ಚಿದರು. ಬೇರು, ಕೆಸರು ಸಮೇತ ಕಿತ್ತಿದ್ದ ಒಂದು ಹರಳು ಗಿಡ. ಎಣ್ಣೆ ತೆಗೆಯುವ ಹರಳು, ಬೇಲಿ ಬೇಲಿಯಲ್ಲಿ ಬೆಳೆಯುವುದು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಗಾರ್ಡು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಅಂದುಕೊಂಡೆ. “ನಿನ್ ಜಾಗದಲ್ಲಿ ನಾನಿದ್ರೂ ಬಿಚ್ಚುಸ್ತಿದ್ದೆ ಕಣಪ್ಪ” ಅಂದರು. ಸಂಘದ ಅಧ್ಯಕ್ಷೆಗೆ, “ನೀನು ಅಲ್ಲೇ ನಿಂತ್ಕೊಳವ್ವ. ಕೆಲ್ಸ ಅದೆ” ಅಂದರು.

ಬೇವಿನ ಮರದ ಕೊಂಬೆಗೆ ಮುಳ್ಳಿನ ತಕ್ಕಡಿ ನೇತುಹಾಕಿದರು. ಗಿಡಕ್ಕೆ ಒಂದು ಕೊಡ ನೀರು ಸುರಿದು ತಕ್ಕಡಿಗೆ ಸಿಕ್ಕಿಸಿದರು.

“ಎಷ್ಟು ತೋರುಸ್ತದೆ, ಓದು.”

“ಮೂರೂಕಾಲು” ಅಂದರು ಆಯಮ್ಮ.

ಗಾರ್ಡು ಗಿಡ ಇಳಿಸಿ ಮರಕ್ಕೆ ಬಡಿದು ಮಣ್ಣು ಉದುರಿಸಿದರು. ಬೇರು ಕತ್ತರಿಸಿದರು. ದಂಟು ಕತ್ತರಿಸಿದರು. ನೀರು ಕೊಡವಿದರು. ಉಳಿದ ಎಲೆ, ತುದಿಗಳನ್ನು ಟವೆಲಿನಲ್ಲಿ ಕಟ್ಟಿ ಮತ್ತೆ ನೇತುಹಾಕಿದರು.

“ಈಗ?”

ಆಯಮ್ಮ ಹತ್ತಿರ ಹೋಗಿ ನೋಡಿದರು. “ಒಂದು ಕೆಜಿನೂ ಇಲ್ಲ.”

ಗಾರ್ಡು ಮೈಕ್ ಹಿಡಿದರು. ಭಾಷಣ ಮಾಡಲಿಲ್ಲ. ನಮ್ಮಪ್ಪನ ಹೆಸರು ಹೇಳಿದರು, ನಮ್ಮ ಹೊಲ ಯಾವುದು ಅಂತ ಹೇಳಿದರು. “ಅವತ್ತು ಮಳೆ ಬತ್ತಿತ್ತು. ನಂಗೆ ಬಸ್ಸಿಗೆ ಹೊತ್ತಾಯ್ತಿತ್ತು. ಏಳು ಗಿಡಾನೂ ಬೇರು, ಮಣ್ಣು, ನೀರು ಸಮೇತ ತೂಗ್ಬುಟ್ಟೆ. ಇಪ್ಪತ್ತೆರಡು ಅಂತ ಬರೆದೆ. ಸರಿಯಾಗಿ ತೂಗಿದ್ರೆ ಆರೋ ಏಳೋ ಆಗ್ತಿತ್ತು. ಹಿಂಗೆ ಹೇಳು ಅಂತ ನಂಗೆ ಯಾರೂ ಹೇಳ್ಕೊಟ್ಟಿಲ್ಲ. ತೂಗಿದ್ದು ನಾನೇ. ಇದನ್ನ ಎಲ್ರೂ ಕೇಳುಸ್ಕೊಂಡ್ರಲ್ಲ?”

ಅವ್ವ ಹೆಂಗಸರ ನಡುವೆ ಕೂತಿದ್ದಳು. ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ತಂಬೂರಿಯವರು ಹಾಡಿದರು. ಏನು ಹಾಡಿದರು ಅಂತ ನನಗೆ ನೆನಪಿಲ್ಲ.

ಮೈಕ್ ಬಾಕ್ಸು ಕಟ್ಟುವಾಗ ಕೇಳಿದೆ. “ಇದನ್ನ ಲಾಯರಿಗೆ ಹೇಳಿದ್ರೆ ಸಾಕಿತ್ತಲ್ಲ? ಇಷ್ಟೆಲ್ಲ ಯಾಕೆ?”

“ಹೇಳ್ಬೋದಿತ್ತು. ನಾಳೆ ಯಾರಾದ್ರೂ ಫೋನ್ ಮಾಡೋರು. ನಿನ್ ಪೆನ್ಸನ್ ಏನಾಯ್ತದೆ ನೋಡ್ಕೊ ಅನ್ನೋರು. ನಾನು ಪುಕ್ಲ ಕಣಪ್ಪ. ಒಬ್ನೇ ಇದ್ರೆ ಮಾತು ಬದಲಾಯಿಸ್ಬುಡ್ತೀನಿ. ಈಗ ಊರೇ ಪಂಚರು. ಎಲ್ಲಿಗೋಗ್ಲಿ?”

“ಹಂಗಾದ್ರೆ ಮೆರವಣಿಗೆ ಸುಳ್ಳಾ?”

“ಸುಳ್ಳಲ್ಲ. ಅದೂ ಬೇಕು. ನಿಮ್ಮಪ್ಪನಂಗೆ ನಾನು ತೂಗಿರೋರು ಇನ್ನೆಷ್ಟು ಜನವೋ, ನಂಗೇ ಗೊತ್ತಿಲ್ಲ.”

ಆಗಲೂ ನಾನು ನಂಬಲಿಲ್ಲ. ಬಯಲಲ್ಲಿ ಹೇಳುವುದು ಒಂದು, ಕೋರ್ಟಲ್ಲಿ ಹೇಳುವುದು ಇನ್ನೊಂದು. ಎರಡು ತಿಂಗಳಾದ ಮೇಲೆ ಚಾಮರಾಜನಗರದ ಕೋರ್ಟಲ್ಲಿ ಅವರ ಸರದಿ ಬಂತು. ನಾನು ಹಿಂದಿನ ಬೆಂಚಲ್ಲಿ ಕೂತು ಅವರ ಬಾಯಿಯನ್ನೇ ನೋಡುತ್ತಿದ್ದೆ. ನಮ್ಮ ಲಾಯರು ಕೇಳಿದಾಗ, ಬೇರು ಮಣ್ಣು ಸಮೇತ ತೂಗಿದೆ ಅಂತ ಅದೇ ಮಾತನ್ನು ಹೇಳಿದರು. ಸರ್ಕಾರಿ ವಕೀಲರು ಇವರು ಸರ್ಕಾರಕ್ಕೆ ತಿರುಗಿಬಿದ್ದ ಸಾಕ್ಷಿ ಅಂದರು. ಆರೋಪಿಯ ಮಗನ ಗಾಡಿಯಲ್ಲಿ ಓಡಾಡಿದ್ದೀರಲ್ಲ ಅಂತ ಕೆಣಕಿದರು. “ಓಡಾಡಿದ್ದೀನಿ ಸ್ವಾಮಿ. ಅವನು ನನ್ನ ನಂಬ್ತಿರಲಿಲ್ಲ. ಬೇಕಾದ್ರೆ ಅವನನ್ನೇ ಕೇಳಿ” ಅಂದರು. ಜಡ್ಜ್ ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಅವರು ಕಟಕಟೆಯಿಂದ ಇಳಿದ ಮೇಲೆ ನಂಬಿದೆ. ಅಷ್ಟು ಹೊತ್ತಿಗೆ ನನ್ನ ನಂಬಿಕೆಯಿಂದ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ.

ಮುಂದಿನ ತಿಂಗಳು ಅಪ್ಪನಿಗೆ ಬೇಲ್ ಆಯಿತು. ಕೇಸು ಇನ್ನೂ ನಡೆಯುತ್ತಿದೆ. ಕಾನೂನು ಇದ್ದ ಹಾಗೇ ಇದೆ, ಮೆರವಣಿಗೆಯಿಂದ ಏನೂ ಬದಲಾಗಲಿಲ್ಲ. ಗಾರ್ಡಿಗೆ ಪೆನ್ಷನ್ ವಿಷಯವಾಗಿ ನೋಟಿಸ್ ಬಂತು. ಹಳೇ ಜೊತೆಗಾರರು ಫೋನ್ ಎತ್ತುವುದು ಬಿಟ್ಟರು. ಸಂಘದ ಅಧ್ಯಕ್ಷೆ ಮಾತ್ರ ಎಲ್ಲಿ ಸಿಕ್ಕರೂ ಜಗಳ ಆಡುವರು. “ನಾನು ಇವತ್ತೂ ನಿಮ್ಗೆ ವಿರೋಧಾನೇ. ಮುಳ್ಳು ಓದಿದ್ದು ನಾನೇ, ಅದನ್ನ ಇಲ್ಲ ಅನ್ನಕ್ಕಾಯ್ತದಾ, ಅಷ್ಟೇಯ” ಅನ್ನುವರು.

ನೋಟಿಸಿಗೆ ಉತ್ತರ ಬರೆಯುತ್ತಲೇ ಗಾರ್ಡು ತೀರಿಕೊಂಡರು. ಎದೆನೋವು. ಒಂದು ಶನಿವಾರ. ಭಾನುವಾರ ಬೆಳಿಗ್ಗೆ ಮಣ್ಣು.

ಬೇಲ್ ಷರತ್ತಿನ ಪ್ರಕಾರ ಅಪ್ಪ ಪ್ರತಿ ಭಾನುವಾರ ಹತ್ತು ಗಂಟೆಯೊಳಗೆ ಸ್ಟೇಷನ್ನಿಗೆ ಹೋಗಿ ಸೈನ್ ಹಾಕಬೇಕು. ತಪ್ಪಿದರೆ ಬೇಲ್ ಹೋಗಬಹುದು ಅಂತ ಲಾಯರು ಬರೆದುಕೊಟ್ಟಿದ್ದರು. ಗಾಡಿ ಸ್ಟಾರ್ಟ್ ಮಾಡಿ ನಿಂತಿದ್ದೆ. “ಮೊದ್ಲು ಸೈನ್ ಹಾಕ್ಬುಟ್ಟು ಬರನ ಬಾ” ಅಂದೆ. ಅಪ್ಪ ಗಾಡಿ ಹತ್ತಲಿಲ್ಲ. ಗಾರ್ಡಿನ ಮನೆ ಕಡೆ ನಡೆದುಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ಎಲ್ಲ ಮುಗಿಯುವವರೆಗೂ ಅಲ್ಲೇ ಇದ್ದ.

ಸ್ಟೇಷನ್ ಮುಟ್ಟಿದಾಗ ಹನ್ನೆರಡೂವರೆ. ಸ್ಟೇಷನ್ನಿನ ಬುಕ್ಕು ಬರೆಯುವ ರೈಟರು ಗಡಿಯಾರ ನೋಡಿದರು. “ಯಾಕಯ್ಯ ಇಷ್ಟೊತ್ತು? ಒಳಕ್ಕೆ ಹೋಗಕ್ಕೆ ಆಸೆನಾ?”

“ನನ್ ಗಿಡ ತೂಗಿದೋರು ಹೋಗ್ಬುಟ್ರು ಸಾ” ಅಂದ ಅಪ್ಪ. “ಹೊತ್ಕೊಂಡೋಗಿ ಬಂದೆ.”

ರೈಟರು ಬುಕ್ಕನ್ನು ಅಪ್ಪನ ಕಡೆ ತಿರುಗಿಸಿ, ಪೆನ್ನು ಕೊಟ್ಟು, ಟೈಮ್ ಬರೆಯುವ ಜಾಗವನ್ನು ಖಾಲಿ ಬಿಟ್ಟರು.