ಗಾಡಿಯ ಹಿಂದೆ ಕಟ್ಟಿದ ಕುರ್ಚಿ

ಕುವೈತಿಗೆ ಬಂದ ಮೊದಲ ವಾರವೇ ನಾನು ಹೈವೇಯಲ್ಲಿ ದೋಣಿ ಕಂಡೆ. ಎರಡೂ ಬದಿ ಬರೀ ಮರಳು, ನೀರಿನ ಸುಳಿವಿಲ್ಲ, ಬಿಳಿಯ ದೊಡ್ಡ ದೋಣಿಯೊಂದು ನಮ್ಮ ಆಸ್ಪತ್ರೆಯ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಅದರ ಮುಂದೆ ಒಂದು ಕಾರಿದೆ, ಅದೇ ಎಳೆಯುತ್ತಿದೆ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಕಣ್ಮರೆಯಾಗಿತ್ತು. ನಾನು ಮಲ್ಪೆ ಕಡೆಯವಳು. ನಮ್ಮಲ್ಲಿ ನಾಡದೋಣಿಯನ್ನು ಮರಳಿನ ಮೇಲೆ ಎಳೆಯಬೇಕಾದರೆ ಗಂಡಸರೆಲ್ಲ ಹೆಗಲು ಕೊಟ್ಟು, ಕೂಗು ಹಾಕಿ, ಬೆವರು ಸುರಿಸಬೇಕು. ಇಲ್ಲಿ ಕಾರಿನ ಹಿಂದೆ ಒಂದು ಕೊಂಡಿ ಇದ್ದರೆ ಸಾಕು. ಆ ಕೊಂಡಿಗೆ ಹಿಚ್ ಎನ್ನುತ್ತಾರೆ ಎಂದು ಪಕ್ಕದಲ್ಲಿ ಕುಳಿತಿದ್ದ ಮಲಯಾಳಿ ನರ್ಸ್ ಹೇಳಿದಳು. ಚಳಿಗಾಲದಲ್ಲಿ ಮರಳುಗಾಡಿಗೆ ಹೋಗಿ ಡೇರೆ ಹಾಕುವವರು, ಶುಕ್ರವಾರ ದೋಣಿ ಇಳಿಸುವವರು, ಇಂಥವರ ಸಾಮಾನು ಅದು. ನಮ್ಮಂಥವರಿಗೂ ಅದು ಒಂದು ದಿನ ಬೇಕಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಆಮೇಲೆ ನನ್ನ ಗಂಡ ವಾಲ್ಟರ್ ಶುಐಬಾದ ಒಂದು ಕೆಲಸದ ಜಾಗದಲ್ಲಿ ಅಟ್ಟಣಿಗೆಯಿಂದ ಬಿದ್ದರು. ಜೀವ ಉಳಿಯಿತು. ಕುತ್ತಿಗೆಯಿಂದ ಕೆಳಗೆ ಉಳಿದದ್ದು ಬಲಗೈಯ ಸ್ವಲ್ಪ ಶಕ್ತಿ, ಅಷ್ಟೆ. ಅವರ ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಆ ಕೆಲಸದ ಜೊತೆಗೇ ಹೋಯಿತು. ಈಗ ಅವರು ನನ್ನ ಇಕಾಮಾದ ಮೇಲೆ ಇದ್ದಾರೆ. ಊರಿನಲ್ಲಿ ಗಂಡನ ಹೆಸರಿನ ಹಿಂದೆ ಹೆಂಡತಿಯ ಹೆಸರು. ಇಲ್ಲಿ ಸರಕಾರಿ ದಾಖಲೆಯಲ್ಲಿ ನನ್ನ ಗಂಡ ನನ್ನ ಅವಲಂಬಿತ. ಆ ಪದ ಓದಿದ ದಿನ ಅವರು ಊಟ ಮಾಡಲಿಲ್ಲ.

ನಾವಿರುವುದು ಅಬು ಹಲೀಫಾದಲ್ಲಿ, ಮೂರನೆಯ ಮಾಳಿಗೆ, ಅಗಲವಾದ ಲಿಫ್ಟ್ ಇರುವ ಕಟ್ಟಡ. ಅಡುಗೆಮನೆಯ ಕಿಟಕಿಯಿಂದ ಎರಡು ಕಟ್ಟಡಗಳ ನಡುವೆ ಸೀರೆಯ ಅಂಚಿನಷ್ಟು ಸಮುದ್ರ ಕಾಣುತ್ತದೆ. ಕಾಣುವುದು ಹೌದು, ವಾಲ್ಟರಿಗೆ ಅಲ್ಲಿಯವರೆಗೆ ಹೋಗಲು ದಾರಿಯಿಲ್ಲ. ಫುಟ್‌ಪಾತ್ ಎಂಬುದು ಮೊಣಕಾಲೆತ್ತರ, ಅದರ ಮೇಲೂ ಕಾರುಗಳು. ಮೊದಲು ಒಂದು ದೂಡುವ ಕುರ್ಚಿ ಇತ್ತು, ಮಡಚಿ ಡಿಕ್ಕಿಯಲ್ಲಿ ಇಡುವಂಥದ್ದು. ಅದರಲ್ಲಿ ಅವರು ಹೊರಗೆ ಬರಲು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ನಮ್ಮದು ಕೊಂಕಣಿ, ಅವರು ಹೇಳಿದ್ದನ್ನು ಕನ್ನಡಕ್ಕೆ ಇಳಿಸಿದರೆ ಹೀಗೆ: "ಜೆಸ್ಸಿ, ಅದರಲ್ಲಿ ಕೂತರೆ ನಾನು ಸಾಮಾನು ಮಾರಾಯ್ತಿ. ಯಾರು ಎಲ್ಲಿ ಬಿಡ್ತಾರೋ ಅಲ್ಲೇ ಬಿದ್ದಿರ್ಬೇಕು."

ಚರ್ಚಿನವರು ಸೇರಿ ಒಂದು ಬ್ಯಾಟರಿ ಕುರ್ಚಿ ತಂದುಕೊಟ್ಟರು. ಬಲಗೈಯ ಬೆರಳಿನಿಂದ ಒಂದು ಚಿಕ್ಕ ಕೋಲನ್ನು ಅಲ್ಲಾಡಿಸಿದರೆ ಅದು ಹೋಗುತ್ತದೆ, ತಿರುಗುತ್ತದೆ, ನಿಲ್ಲುತ್ತದೆ. ಮೊದಲ ದಿನ ಅವರು ಹಾಲಿನಿಂದ ಅಡುಗೆಮನೆಗೆ ಬಂದು, ನಾನು ಸಾರಿಗೆ ಹಾಕುತ್ತಿದ್ದ ಉಪ್ಪಿನ ಬಗ್ಗೆ ತಕರಾರು ತೆಗೆದು, ತಿರುಗಿ ಹೋದರು. ನಾನು ಸಿಂಕಿನ ನಲ್ಲಿ ಬಿಟ್ಟು ಅತ್ತೆ. ಆದರೆ ಆ ಕುರ್ಚಿಯ ಭಾರವನ್ನು ಇಬ್ಬರು ಗಂಡಸರೂ ಎತ್ತಲಾರರು, ಅದು ಮಡಚುವುದೂ ಇಲ್ಲ. ನಮ್ಮದು ಏಳು ಸೀಟಿನ ಹಳೆಯ ವ್ಯಾಗನ್, ಊರಿಗೆ ಹೊರಟ ಒಂದು ಕುಟುಂಬದಿಂದ ಕೊಂಡದ್ದು. ವಾಲ್ಟರನ್ನು ಹಲಗೆಯ ಮೇಲೆ ಜಾರಿಸಿ ಮುಂದಿನ ಸೀಟಿಗೆ ಹಾಕಲು ನನಗೆ ಬರುತ್ತದೆ, ನರ್ಸ್ ಅಲ್ಲವೇ. ಕುರ್ಚಿ ಮಾತ್ರ ಮನೆಯಲ್ಲೇ ಉಳಿಯಬೇಕಿತ್ತು. ಕುರ್ಚಿ ಉಳಿದರೆ ಅವರೂ ಉಳಿಯುತ್ತಿದ್ದರು. ಕೋಣೆಯ ಪರದೆ ತೆಗೆಯಲಿಕ್ಕೂ ಬಿಡದ ದಿನಗಳು ಶುರುವಾದವು. ಎಷ್ಟೋ ವರ್ಷ ಶುಕ್ರವಾರದ ಪೂಜೆಯಲ್ಲಿ ಹಾಡಿದ ಮನುಷ್ಯ; ಇಲ್ಲಿ ನಮಗೆ ಶುಕ್ರವಾರವೇ ಭಾನುವಾರ. ಅವರು ಮತ್ತೆ ಜನರ ನಡುವೆ ಬರುತ್ತಾರೋ, ಆ ಕೋಣೆಯಲ್ಲೇ ಮುಗಿಯುತ್ತಾರೋ ಎಂಬುದು ಮಾತ್ರ ನನ್ನ ಚಿಂತೆಯಾಗಿತ್ತು.

ದಾರಿ ತೋರಿಸಿದವಳು ಮಗಳು ರಿಯಾ. ಅವಳು ಇಲ್ಲಿಯೇ ಹುಟ್ಟಿದವಳು. ನಾವು ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಮಮ್ಮಾ, ಲುಕ್," ಎಂದು ಫೋನ್ ಮುಂದೆ ಹಿಡಿದಳು. ಕಾರಿನ ಹಿಂದೆ ಹಿಚ್, ಹಿಚ್ಚಿಗೆ ಸಿಕ್ಕಿಸಿದ ಕಬ್ಬಿಣದ ಅಗಲವಾದ ತಟ್ಟೆ, ತಟ್ಟೆಯ ಮೇಲೆ ಬೆಲ್ಟು ಬಿಗಿದು ಕೂರಿಸಿದ ಬ್ಯಾಟರಿ ಕುರ್ಚಿ.

ಗಾಡಿ ಕೆಲಸವೆಂದರೆ ಇಲ್ಲಿ ಶುವೈಖ್. ಗ್ಯಾರೇಜುಗಳದೇ ಒಂದು ಊರು. ಒಂದು ಬೀದಿ ಬರೀ ಟಯರು, ಇನ್ನೊಂದು ಬರೀ ಗಾಜು. ಅಲ್ಲಿ ಹಮೀದಾಕನ ಅಂಗಡಿ. ಉಪ್ಪಿನಂಗಡಿ ಕಡೆಯ ಬ್ಯಾರಿ ಅವರು, ಕೂದಲೆಲ್ಲ ಈ ಬೀದಿಯಲ್ಲೇ ನೆರೆತದ್ದು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಕೆಲಸದವನನ್ನು ಚಹಾಕ್ಕೆ ಅಟ್ಟಿದರು. ಎಸಿ ಹಾಕಿಟ್ಟ ಗಾಡಿಯಲ್ಲೇ ಕುಳಿತಿದ್ದ ವಾಲ್ಟರ್ ಬಳಿ ಹೋಗಿ, ಕಿಟಕಿಯಲ್ಲಿ ತಲೆ ಹಾಕಿ ತುಳುವಿನಲ್ಲಿ ಕ್ಷೇಮ ಕೇಳಿದರು. ಆಮೇಲೆ ನನ್ನನ್ನು ಒಳಗೆ ಕರೆದು ಎರಡು ಹಿಚ್ ತೋರಿಸಿದರು.

"ನೋಡಿ ಸಿಸ್ಟರೇ, ಇದು ದೊಡ್ಡದು. ಗಾಡಿಯ ಅಡಿಯಲ್ಲಿ ಉದ್ದಕ್ಕೆ ಎರಡು ಕಬ್ಬಿಣ ಉಂಟಲ್ಲ, ಚಾಸಿ, ಅದಕ್ಕೆ ತೂತು ಕೊರೆದು ಬೋಲ್ಟ್ ಹಾಕ್ಬೇಕು. ಬಂಪರ್ ಸಹ ಸ್ವಲ್ಪ ಕತ್ತರಿಸ್ಬೇಕಾಗ್ತದೆ. ಇದು ಚಿಕ್ಕದು, ಕ್ಲ್ಯಾಂಪಿನದ್ದು. ಕಚ್ಚಿಸಿ ಬಿಗಿದ್ರೆ ಆಯ್ತು, ಖಲಾಸ್. ಬೇಡದಿದ್ರೆ ಬಿಚ್ಚಿ ತೆಗೀಬಹುದು. ಕಲೆ ಸಹ ಉಳಿಯುದಿಲ್ಲ."

ನಾನು ಗಾಡಿಯ ಬಳಿ ಬಂದು ವಾಲ್ಟರಿಗೆ ಹೇಳಿದೆ. ಅವರು ಪೂರ್ತಿ ಕೇಳಲೇ ಇಲ್ಲ. "ತೂತು ಬೇಡ. ಊರಿಗೆ ಹೋಗುವಾಗ ಮಾರ್ಬೇಕಲ್ಲ. ತೂತು ಕೊರೆದ ಗಾಡಿಯನ್ನು ಯಾರು ತೆಗೊಳ್ತಾರೆ?"

"ಅದು ಹೌದು," ಎಂದೆ ನಾನು.

"ಅದು ಹೌದು," ಎಂದರು ಹಮೀದಾಕನೂ, ಬಾಗಿಲಿನಿಂದ.

ನಾವು ಮೂವರು ಎಷ್ಟು ಬೇಗ ಒಮ್ಮತಕ್ಕೆ ಬಂದೆವು ಎಂಬುದು ಗಲ್ಫಿನಲ್ಲಿ ಬಾಳದವರಿಗೆ ಅರ್ಥವಾಗಲಿಕ್ಕಿಲ್ಲ. ಇಲ್ಲಿ ನಾವು ಯಾವುದನ್ನೂ ಬಳಸಲು ಕೊಳ್ಳುವುದಿಲ್ಲ, ಮಾರಲು ಇಲ್ಲವೇ ಊರಿಗೆ ಕಳಿಸಲು ಕೊಳ್ಳುತ್ತೇವೆ. ಸೋಫಾದ ಪ್ಲಾಸ್ಟಿಕ್ ತೆಗೆಯುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಒಳ್ಳೆಯ ಪಿಂಗಾಣಿ ತಟ್ಟೆಗಳು ಮಂಚದ ಕೆಳಗೆ ಪೆಟ್ಟಿಗೆಯಲ್ಲಿ. ನಾವು ಉಣ್ಣುವುದು ಸೀಳು ಬಿಟ್ಟ ತಟ್ಟೆಯಲ್ಲಿ. ಉಡುಪಿಯಲ್ಲಿ ಒಂದು ಫ್ಲ್ಯಾಟ್ ಕೊಂಡಿದ್ದೇವೆ, ಎರಡನೆಯ ಮಾಳಿಗೆ, ಅದಕ್ಕೆ ಬೀಗ. ಬಾಳುವುದೆಲ್ಲ ಅಲ್ಲಿಗೆ ಹೋದ ಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ, ಹಿಚ್ ಕೂರಿಸುವ ಮುಂಚೆಯೇ ಅದನ್ನು ಬಿಚ್ಚುವ ದಿನದ ಬಗ್ಗೆ ಮಾತಾಡಿ ಮುಗಿಸಿದ್ದೆವು.

ಕ್ಲ್ಯಾಂಪಿನ ಹಿಚ್ಚೇ ಬಂತು. ತಟ್ಟೆ ಬಂತು, ಕುರ್ಚಿ ಹತ್ತಲು ಒಂದು ಇಳಿಜಾರು ಹಲಗೆ ಬಂತು. ಹಿಂದಿನ ನಂಬರ್ ಪ್ಲೇಟನ್ನು ಕುರ್ಚಿ ಮುಚ್ಚುತ್ತದೆಂದು ಹಮೀದಾಕ ಅದನ್ನೂ ಅದರ ದೀಪವನ್ನೂ ತಟ್ಟೆಯ ಅಂಚಿಗೆ ತಂದರು. "ಇನ್ನು ಪೊಲೀಸಿಗೂ ಎಂತ ಹೇಳ್ಲಿಕ್ಕಿಲ್ಲ. ಯಲ್ಲಾ, ಹೋಗಿ ಬನ್ನಿ," ಎಂದರು.

ಅದು ನಮ್ಮ ಒಳ್ಳೆಯ ಕಾಲ. ಶುಕ್ರವಾರ ಬೆಳಿಗ್ಗೆ ಕಟ್ಟಡದ ಹಾರಿಸ್, ಅಂದರೆ ಕಾವಲಿಗಿರುವ ಈಜಿಪ್ಟಿನವನು, ಕುರ್ಚಿಯನ್ನು ತಟ್ಟೆಗೆ ಹತ್ತಿಸಿ ಬೆಲ್ಟು ಬಿಗಿಯುತ್ತಿದ್ದ. ಚರ್ಚಿನ ಅಂಗಳದಲ್ಲಿ ವಾಲ್ಟರ್ ತಾವೇ ಕುರ್ಚಿ ಓಡಿಸಿಕೊಂಡು ಹೋಗಿ ಹಾಡುವವರ ಸಾಲಿನ ಕೊನೆಗೆ ನಿಲ್ಲಿಸಿದರು. ದನಿ ಮೊದಲಿನಷ್ಟು ಇರಲಿಲ್ಲ, ಉಸಿರು ನಡುವೆ ತುಂಡಾಗುತ್ತಿತ್ತು. ಯಾರೂ ತಿರುಗಿ ನೋಡದೇ ಇದ್ದದ್ದಕ್ಕೆ ನಾನು ಅವರೆಲ್ಲರಿಗೆ ಋಣಿ. ಪೂಜೆ ಮುಗಿದ ಮೇಲೆ ಮೀನು ಮಾರ್ಕೆಟ್. ಅಲ್ಲಿ ಜುಬೈದಿ ಎಂದು ಕರೆಯುವುದು ನಮ್ಮ ಮಾಂಜಿ ಮೀನನ್ನೇ. "ಕಿವಿರು ಎತ್ತಿ ತೋರಿಸು ಭಾಯಿ," ಎಂದು ಬಂಗಾಳಿ ಹುಡುಗನೊಡನೆ ಅವರು ಜಗಳಕ್ಕೆ ನಿಂತರೆ ನನಗೆ ಹೊಟ್ಟೆ ತುಂಬುತ್ತಿತ್ತು. ಕೋಣೆಯ ಪರದೆ ತೆರೆಯಿತು. ಎಗೈಲಾದ ಮಾಲಿನಲ್ಲಿ ಅಪ್ಪ ಮಗಳು ನನ್ನನ್ನು ಬಿಟ್ಟು ಲಿಫ್ಟಿನಲ್ಲಿ ಮೇಲೆ ಹೋಗಿ ಐಸ್‌ಕ್ರೀಮ್ ತಿಂದು ಬಂದದ್ದೂ ಉಂಟು.

ನಮಗೆ ಯಾರಿಗೂ ಹೊಳೆಯದಿದ್ದ ಸಂಗತಿ ಒಂದಿತ್ತು. ದೋಣಿ ಎಳೆಯುವ ಟ್ರೇಲರಿಗೆ ಅದರದೇ ಚಕ್ರಗಳಿರುತ್ತವೆ. ಭಾರ ಅವುಗಳ ಮೇಲೆ, ಹಿಚ್ ಎಳೆದರೆ ಸಾಕು. ನಮ್ಮ ತಟ್ಟೆಗೆ ಚಕ್ರವಿಲ್ಲ. ತುಂಬಿದ ಕೊಡಪಾನವನ್ನು ಚಾಚಿದ ಕೈಯಲ್ಲಿ ಹಿಡಿದ ಹಾಗೆ, ಪೂರ್ತಿ ಭಾರ ಆ ಕ್ಲ್ಯಾಂಪಿನ ಹಲ್ಲುಗಳ ಮೇಲೆ. ಪ್ರತಿ ಶುಕ್ರವಾರ, ರಸ್ತೆಯ ಪ್ರತಿ ಉಬ್ಬಿನಲ್ಲಿ, ಅದು ಕೂದಲೆಳೆಯಷ್ಟು ಜಾರುತ್ತಿತ್ತು.

ಚರ್ಚಿನಿಂದ ಮರಳುವಾಗ, ಹೈವೇಯಿಂದ ಅಬು ಹಲೀಫಾಕ್ಕೆ ತಿರುಗುವ ಮೊದಲು, ರಸ್ತೆಯ ಒಂದು ತಗ್ಗಿಗೆ ಗಾಡಿ ಕುಕ್ಕರಿಸಿತು. ಹಿಂದಿನಿಂದ ಕಬ್ಬಿಣ ಕಿರುಚಿದ ಸದ್ದು. ಕನ್ನಡಿಯಲ್ಲಿ ಕಿಡಿ ಕಂಡಿತು, ಆಮೇಲೆ ಕುರ್ಚಿ ಉರುಳುವುದು ಕಂಡಿತು. ಹಿಂದೆ ಬರುತ್ತಿದ್ದ ಕಾರು ಬ್ರೇಕು ಹಾಕಿ, ಅಡ್ಡ ತಿರುಗಿ, ಅದಕ್ಕೆ ತಾಗುವಷ್ಟರಲ್ಲಿ ನಿಂತಿತು. ಆ ಕಾರಿನಲ್ಲಿ ಮಕ್ಕಳಿದ್ದರು.

ವಾಲ್ಟರಿಗೆ ಕುತ್ತಿಗೆ ತಿರುಗಿಸಲಾಗುವುದಿಲ್ಲ. ಅವರು ಮುಂದಿನ ಗಾಜನ್ನೇ ನೋಡುತ್ತ ಕೇಳಿದರು, "ಎಂತ ಆಯ್ತು?"

ನಾನು ಗಾಡಿಯನ್ನು ಬದಿಗೆ ತಂದೆ.

"ಜೆಸ್ಸಿ, ಎಂತ ಆಯ್ತು? ಕುರ್ಚಿಯಾ?"

"ಡೋಂಟ್ ಟೆಲ್ ಹಿಮ್," ಎಂದಳು ರಿಯಾ ಹಿಂದಿನ ಸೀಟಿನಿಂದ, ಅವರಿಗೆ ಕೇಳುವಂತೆಯೇ.

ಹಿಂದಿನ ಕಾರಿನಿಂದ ಇಳಿದ ಕುವೈತಿ ಬೈಯುತ್ತಲೇ ಬಂದ. ರಸ್ತೆಯಲ್ಲಿ ಬಿದ್ದದ್ದು ಏನೆಂದು ಕಂಡಾಗ ಸುಮ್ಮನಾದ. ಬಿಳಿ ಅಂಗಿಗೆ ಗ್ರೀಸು ಹತ್ತಿದರೂ ಇನ್ನಿಬ್ಬರೊಡನೆ ಸೇರಿ ಕುರ್ಚಿಯನ್ನು ಬದಿಗೆ ಎಳೆದ. "ಅಲ್‌ಹಮ್ದುಲಿಲ್ಲಾ, ಯಾರಿಗೂ ಏನೂ ಆಗಲಿಲ್ಲ, ಖಲಾಸ್, ಅಳಬೇಡ," ಎಂದು ಅರಬ್ಬಿಯಲ್ಲಿ ನನ್ನನ್ನು ಸಮಾಧಾನ ಮಾಡಿದ. ಅವನ ಮಕ್ಕಳು ಕಿಟಕಿಗೆ ಮುಖ ಒತ್ತಿ ನನ್ನನ್ನು ನೋಡುತ್ತಿದ್ದರು. ನನ್ನ ಕೈಯಿಂದ ಆ ಮಕ್ಕಳ ಜೀವ ಹೋಗುತ್ತಿತ್ತು ಎಂಬ ನಡುಕ ಈಗಲೂ ಬಿಟ್ಟಿಲ್ಲ.

ಕುರ್ಚಿಯ ಕಥೆ ಮುಗಿದಿತ್ತು. ಪರದೆ ಮತ್ತೆ ಮುಚ್ಚಿತು. ವಾಲ್ಟರ್ ಗೋಡೆಯ ಕಡೆಗೆ ಮಲಗಿಸಲು ಹೇಳುತ್ತಿದ್ದರು. ನಾನು ಡ್ಯೂಟಿಯಿಂದ ಬಂದಾಗಲೂ ಅದೇ ಮಗ್ಗುಲು. ಊಟ ಬೇಡ, ಫೋನು ಬೇಡ. ಒಂದು ಸಂಜೆ ಹಮೀದಾಕ ಹಲ್ವದ ಪೊಟ್ಟಣ ಹಿಡಿದು ಬಂದು ಹಾಲಿನಲ್ಲಿ ತಲೆ ತಗ್ಗಿಸಿ ಕುಳಿತರು. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನಗೂ ಹಾಗೆಯೇ ಆಯ್ತು ಸಿಸ್ಟರೇ. ಮಾರುವ ವಿಷಯ ಬಂತಲ್ಲ, ನನ್ನ ತಲೆ ಸಹ ಅತ್ತ ಕಡೆಯೇ ಹೋಯ್ತು," ಎಂದರು. ನನಗೆ ಸಿಟ್ಟು ಬರಲಿಲ್ಲ. ಮೂವರೂ ಸೇರಿ ಮಾಡಿದ ಕೆಲಸ ಅದು.

ಮತ್ತೊಂದು ಕುರ್ಚಿ ಸಿಕ್ಕಿತು, ತೀರಿಹೋದ ಒಬ್ಬರ ಮನೆಯಿಂದ. ಮೊದಲಿನದಕ್ಕಿಂತಲೂ ಭಾರ. ನಾನು ವಾಲ್ಟರನ್ನು ಕೇಳಲಿಲ್ಲ, ಹೇಳಿದೆ ಅಷ್ಟೆ: "ಈ ಸಲ ಕೊರೆಸ್ತೇನೆ."

"ಮತ್ತೆ ಮಾರುವಾಗ?" ಎಂದರು ಗೋಡೆಗೆ.

"ಮಾರುವುದಿಲ್ಲ."

ಶುವೈಖಿನಲ್ಲಿ ಗಾಡಿಯನ್ನು ಮೇಲೆತ್ತುವ ಮೊದಲು ಅವರನ್ನು ಹೊಸ ಕುರ್ಚಿಗೆ ದಾಟಿಸಿ ನೆರಳಿನಲ್ಲಿ ಕೂರಿಸಿದೆವು. ಬಂಪರ್ ಕತ್ತರಿಸಿದರು. ಡ್ರಿಲ್ ಚಾಸಿಗೆ ಇಳಿದಾಗ ಕಬ್ಬಿಣದ ಸುರುಳಿಗಳು ನೆಲಕ್ಕೆ ಬಿದ್ದವು. ವಾಲ್ಟರ್ ರೆಪ್ಪೆ ಹೊಡೆಯದೆ ನೋಡಿದರು. ಬೋಲ್ಟು ಬಿಗಿದು ಹಮೀದಾಕ ಮತ್ತು ಇಬ್ಬರು ಕೆಲಸದವರು ಆ ತಟ್ಟೆಯ ಮೇಲೆ ಹತ್ತಿ ಕುಣಿದರು; ಅದು ಅಲುಗಲಿಲ್ಲ.

ಮನೆಗೆ ಬರುವಾಗ ಅರ್ಧ ದಾರಿ ದಾಟಿತ್ತು. ವಾಲ್ಟರ್ ತಣ್ಣಗೆ, "ಹಾಗಾದ್ರೆ ಊರಿನ ಫ್ಲ್ಯಾಟ್ ಮಾರುವ," ಎಂದರು.

ಗಾಡಿಗೆ ತೂತು ಕೊರೆಸಿದವಳು ನಾನೇ, ಆದರೆ ಆ ಬೀಗದ ಬಾಗಿಲು ಇಲ್ಲದೆ ಇಲ್ಲಿನ ಒಂದು ದಿನವನ್ನೂ ನನ್ನಿಂದ ದೂಡಲಾಗದು. ಇಲ್ಲಿ ನನ್ನ ಕೆಲಸ ಇರುವಷ್ಟು ದಿನ ಮಾತ್ರ ನಾವು. ಅದು ಮುಗಿದ ದಿನ ಇಕಾಮಾ ಮುಗಿಯುತ್ತದೆ, ಹೋಗು ಎನ್ನುತ್ತಾರೆ. ಎಲ್ಲಿಗೆ ಹೋಗುವುದು?

"ಎಂತ ಮಾತಾಡ್ತೀರಿ? ಕೊನೆಗೆ ಅಲ್ಲಿಗೇ ಹೋಗ್ಬೇಕಲ್ಲ ನಾವು," ಎಂದೆ.

"ಅಲ್ಲಿಯ ಲಿಫ್ಟಿನ ಬಾಗಿಲಲ್ಲಿ ಬ್ಯಾಟರಿ ಕುರ್ಚಿ ಹೋಗುದಿಲ್ಲ ಜೆಸ್ಸಿ. ತಮ್ಮನಿಗೆ ಹೇಳಿ ಅಳತೆ ತೆಗೆಸಿದ್ದೇನೆ."

"ಯಾವಾಗ?"

"ಚರ್ಚಿನವರು ಮೊದಲಿನ ಕುರ್ಚಿ ಕೊಟ್ಟ ವಾರವೇ."

ಅಂದರೆ ತೂತು ಬೇಡ, ಊರಿಗೆ ಹೋಗುವಾಗ ಮಾರಬೇಕು ಎಂದು ಹಟ ಹಿಡಿದ ದಿನವೂ ಅವರಿಗೆ ಗೊತ್ತಿತ್ತು. "ಗೊತ್ತಿದ್ದೂ ಯಾಕೆ ಹಾಗೆ ಹೇಳಿದ್ರಿ?" ಎಂದು ಕೇಳಿದೆ. ನನ್ನ ದನಿ ಏರಿತ್ತು.

ಅವರು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು, ಅವರಿಗೆ ಬೇರೆ ಕಡೆ ನೋಡಲಾಗುವುದಿಲ್ಲ. "ಗಾಡಿ ಮಾರುವ ಮಾತಾದ್ರೂ ಇದ್ರೆ ನಾವು ಹೋಗುವವರು ಅಂತ ಆಗ್ತದಲ್ಲ," ಎಂದರು.

ಈಗ ಪ್ರತಿ ಶುಕ್ರವಾರ ಕುರ್ಚಿ ಗಾಡಿಯ ಹಿಂದೆ ಬರುತ್ತದೆ, ವಾಲ್ಟರ್ ಸಾಲಿನ ಕೊನೆಯಲ್ಲಿ ಹಾಡುತ್ತಾರೆ. ಫ್ಲ್ಯಾಟ್ ಮಾರಿಲ್ಲ. ಊರಿನಿಂದ ಫೋನ್ ಮಾಡಿದವರು ಯಾವಾಗ ಬರುತ್ತೀರಿ ಎಂದು ಕೇಳಿದರೆ ಇಬ್ಬರೂ ಒಂದೇ ಉಸಿರಿಗೆ, "ಇನ್ನೆರಡು ವರ್ಷ," ಎನ್ನುತ್ತೇವೆ.