ನೋಟಿಸ್ ಹಚ್ಚಿದ್ದೆ

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತಿದ್ದೇನೆ. ನೀರಿನ ಗ್ಲಾಸು ಬಾಯಿಗೆ ಒಯ್ದರೆ ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಪಕ್ಕದವರು ಮುಖ ಕಿವುಚಿ ತಮ್ಮ ಗ್ಲಾಸು ದೂರ ಸರಿಸಿದರು. ನಾನು ಗಟಗಟ ಕುಡಿದೆ. ನಿಮಗೆ ವಿಚಿತ್ರ ಅನಿಸಬಹುದು. ಈ ವಾಸನೆ ಬಂದರೆ, ಯಾರೋ ಒಬ್ಬರು ನೀರಿನ ಟಾಕಿ ಹತ್ತಿ, ಪುಡಿ ಹಾಕಿ ತಮ್ಮ ಕೆಲಸ ಮಾಡಿದ್ದಾರೆ ಎಂದು ನನಗೆ ಸಮಾಧಾನ. ಆ ಕೆಲಸದ ಬೆಲೆ ಕಲಿಸಿದವಳು ಬಳೆಗಾರ್ತಿ ಮಾಬೂಬಿ.

ಹೊರ್ತಿ ಕಡೆಯ ಒಂದು ಊರಿನ ಪಂಚಾಯಿತಿಯಲ್ಲಿ ಆಗ ನಾನು ಹೊಸ ಕಾರಕೂನ. ನನ್ನ ಅಕ್ಷರ ಚೆಂದ ಎಂದು ಸಾಲಿ ಮಾಸ್ತರರು ಹೊಗಳಿದ್ದೇ ತಲೆ ಕೆಡಿಸಿತ್ತು. ಜನನ ದಾಖಲೆಯನ್ನೂ ಶಾಸನ ಕೆತ್ತುವ ಗತ್ತಿನಲ್ಲಿ ಬರೆಯುತ್ತಿದ್ದೆ. "ಸದರಿ" ಇಲ್ಲದ ವಾಕ್ಯ, ಅಂಗಿ ತೊಡದೆ ಕಚೇರಿಗೆ ಬಂದಂತೆ ಕಾಣುತ್ತಿತ್ತು.

ಒಂದು ಮಳೆಗಾಲದ ಆರಂಭದಲ್ಲಿ, ಎರಡನೇ ವಾರ್ಡಿನ ನಳದ ನೀರು ಕೆಟ್ಟಿದೆ ಎಂದು ಪರೀಕ್ಷೆಯ ಕಾಗದ ಬಂತು. ಕೂಡಲೇ ಬರೆದೆ: "ಸದರಿ ವಾರ್ಡಿನ ಜಲಮಾದರಿಯು ಸೇವನೆಗೆ ಯೋಗ್ಯವಲ್ಲವೆಂದು ಕಂಡುಬಂದಿರುವ ಪ್ರಯುಕ್ತ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು." ಪಂಚಾಯಿತಿಯ ಹಲಗೆಗೆ ಹಚ್ಚಿದೆ, ಫೋಟೋ ಹೊಡೆದು ಮೇಲಿನವರಿಗೆ ಕಳಿಸಿದೆ, ಚಹಾ ಕುಡಿದೆ.

ನಾಲ್ಕನೆಯ ದಿನ ಮಾಬೂಬಿ ಬಂದಳು. ಊರಿನ ಮನೆಮನೆಗೂ ಹೋಗಿ ಹೆಣ್ಣುಮಕ್ಕಳಿಗೆ ಬಳೆ ತೊಡಿಸುವಾಕೆ. ಅಂದು ಬಳೆಯ ಬುಟ್ಟಿ ಇರಲಿಲ್ಲ. ವಾಂತಿಭೇದಿಯಾದ ಮೊಮ್ಮಗಳನ್ನು ಇಂಡಿ ಪಟ್ಟಣದ ದವಾಖಾನೆಯಲ್ಲಿ ಮಲಗಿಸಿ, ಟೆಂಪೋ ಇಳಿದವಳೇ ನೇರ ನನ್ನ ಮೇಜಿಗೆ ಬಂದಿದ್ದಳು.

"ನೀರು ಕೆಟ್ಟಾವಂತ ನಿಮಗ ಗೊತ್ತಿತ್ತೇನ್ರಿ, ಸಾಹೇಬ್ರ?"

"ನೋಟಿಸ್ ಹಚ್ಚೇನಲ್ಲ, ಯಮ್ಮಾ."

"ನನಗ ಓದಾಕ ಬರಂಗಿಲ್ಲ. ಓದ್ರಿ."

ಗಂಟಲು ಸರಿಮಾಡಿಕೊಂಡು ಓದಿದೆ. ಪೂರ್ತಿ ಕೇಳಿದಳು.

"ಅಂದ್ರ, ನೀರು ಕುಡೀಬೇಕೋ ಬ್ಯಾಡೋ?"

"ಕುಡೀಬಾರದು."

"ಇಷ್ಟ ಹೇಳಾಕ ನಿಮಗೇನಾಗಿತ್ರಿ?"

"ಏಳ್ರಿ, ನನ್ನ ಜೋಡಿ ಬರ್ರಿ" ಎಂದು ಹೊರಟೇಬಿಟ್ಟಳು. ಮೊದಲು ಮಸೀದಿಯ ಮೈಕು, ಆಮೇಲೆ ಹನುಮಪ್ಪನ ಗುಡಿಯ ಮೈಕು. "ಸಾರ್ವಜನಿಕರ ಗಮನಕ್ಕೆ" ಎಂದು ಶುರು ಮಾಡಿದ್ದೇ ತಡ, ಮೊಣಕೈ ಚಿವುಟಿದಳು. "ಮನ್ಯಾಗ ಮಾತಾಡಿದಂಗ ಮಾತಾಡ್ರಿ!"

"ನಳದ ನೀರು ಕುಡೀಬ್ಯಾಡ್ರಿ. ಗಟಾರದ ಹೊಲಸು ಕೂಡೇತಿ. ಚೆಂದಂಗ ಕುದಿಸಿ, ಆರಿಸಿ ಕುಡೀರಿ" ಅಂದೆ. ನನ್ನ ನೌಕರಿಯಲ್ಲಿ ಅದೇ ಮೊದಲ ಸಲ ಊರಿಗೆ ನನ್ನ ಮಾತು ತಿಳಿಯಿತು.

ಮೈಕು ಕೇಳದವರಿಗಾಗಿ ಬಾಗಿಲು ಬಾಗಿಲು ತಿರುಗಿದೆವು. ಅವಳ ದನಿ ಕೇಳಿದರೆ ಬಾಗಿಲು ತಾನೇ ತೆರೆಯುತ್ತಿತ್ತು. ಸಿದ್ದಪ್ಪಜ್ಜನ ಮನೆಯಲ್ಲಿ ಅವರ ಹೆಂಡತಿ ಕಣ್ಣು ತೆರೆಯಲಾರದೆ ಮಲಗಿದ್ದರು.

"ನಾಕ ದಿನ ಕುಡಿಸಿ ಈಗ ಹೇಳಾಕ ಬಂದಿಯೇನೋ?" ಅಜ್ಜ ನನ್ನ ಅಂಗಿ ಹಿಡಿದರು.

"ತಪ್ಪಾತ್ರಿ, ಅಜ್ಜಾ."

ಆ ತಾಯಿಯನ್ನು ಟೆಂಪೋಕ್ಕೆ ಎತ್ತಲು ನಾನೂ ಕೈ ಹಚ್ಚಿದೆ. ಭಾರವೇ ಇರಲಿಲ್ಲ.

ಮಾಬೂಬಿ ಅಲ್ಲಿಗೂ ಬಿಡಲಿಲ್ಲ. ವಾರ್ಡಿನ ಹೆಂಗಸರನ್ನು ಕೂಡಿಸಿಕೊಂಡು ಪಂಚಾಯಿತಿ ಕಟ್ಟೆಯ ಮೇಲೆ ಕೂತಳು. ನೆಲ ಅಗೆಸಿ, ಗಟಾರದೊಳಗೆ ಒಡೆದಿದ್ದ ಪೈಪನ್ನು ಕಣ್ಣಾರೆ ಕಂಡು, ಹೊಸದು ಹಾಕುವ ತನಕ ಯಾರೂ ಏಳಲಿಲ್ಲ. ಮೊಮ್ಮಗಳು ಗುಣವಾಗಿ ಬಂದಳು. ಸಿದ್ದಪ್ಪಜ್ಜನ ಹೆಂಡತಿ ಬರಲಿಲ್ಲ.

ವಿಚಾರಣೆಗೆ ಬಂದ ಮೇಲಧಿಕಾರಿಗಳು ಫೈಲು ತೆರೆದರು. ನೋಟಿಸ್ ಇತ್ತು, ಫೋಟೋ ಇತ್ತು. "ನಿಮ್ಮದೇನೂ ತಪ್ಪಿಲ್ಲ" ಅಂದರು. ಸಿದ್ದಪ್ಪಜ್ಜನ ಬೈಗುಳವನ್ನು ಹೇಗೋ ತಡೆದುಕೊಂಡಿದ್ದೆ. ಈ ಮಾತು ತಡೆಯಲು ಇವತ್ತಿಗೂ ಆಗಿಲ್ಲ.

ಈಗ ನನ್ನ ಕೆಲಸ ಸಿಂದಗಿಯ ಮೇಲಿನ ಕಚೇರಿಯಲ್ಲಿ. ಬೆಳಿಗ್ಗೆ ಆಲಮೇಲದ ಕಡೆಯ ಒಂದು ಊರಿನ ನೀರು ಕೆಟ್ಟಿರುವ ವರದಿ ಬಂತು. ಅಲ್ಲಿನ ಕಾರಕೂನನಿಗೆ ಫೋನ್ ಮಾಡಿದರೆ, "ವಾಟ್ಸಾಪ್ ಗ್ರೂಪಿಗೆ ಹಾಕೇನ್ರಿ, ಸರ" ಅಂದ.

"ಫೋನ್ ಇಲ್ಲದವ್ರಿಗೆ?"

ಅವನನ್ನು ಬೈಯುವ ಮುಖ ನನಗಿಲ್ಲ. "ನಳ ಬಂದ್ ಮಾಡಸು. ಮೈಕಿನ್ಯಾಗ ಹೇಳಸು. ನಾ ಬರಾಕತ್ತೇನಿ, ಇಬ್ರೂ ಕೂಡಿ ಮನಿ ಮನಿಗೆ ಹೋಗೋಣು" ಅಂದೆ.

ಆಲಮೇಲದ ಬಸ್ಸು ಬಂದು ನಿಂತಿದೆ. ಆ ಊರಿನ ಕಟ್ಟಕಡೆಯ ಮನೆಯವರು "ತಿಳೀತ್ರಿ" ಅನ್ನುವ ತನಕ ನಾನು ತಿರುಗಿ ಬರುವ ಬಸ್ಸು ಹತ್ತುವುದಿಲ್ಲ.