ಇಪ್ಪತ್ತಾರು ಪದಗಳನ್ನು ತಿರುಗಿಸಿದ ಗುರುವಾರ

ನಾಲ್ಕು ವರ್ಷದ ಹಿಂದಿನ ಡೈರಿಯಲ್ಲಿ ಮೇ ಹನ್ನೊಂದರ ಪುಟದಲ್ಲಿ ಹೀಗಿದೆ: ಗುರುವಾರ. ಪ್ರೂಫ್ ನಲವತ್ತೊಂದು ಪುಟ. ಬಸ್ಸು ನಾಲ್ಕು, ಎರಡರಲ್ಲಿ ನಿಂತು. ತಲೆನೋವು. ಪದಪಟ್ಟಿ ಒಂದು, ಕಾಲಂ ಅದಲುಬದಲು ಮಾಡಿಸಿದೆ.

ಆಗ ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಆರು ತಿಂಗಳ ಪರೀಕ್ಷಾವಧಿ, ಅದರಲ್ಲಿ ಐದು ಮುಗಿದಿತ್ತು. ಕಾಪುವಿನ ಮನೆಯಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲಕ್ಕೆ ಇನ್ನೊಂದು. ಶಾಲೆ ಕಾಲೇಜು ತೆರೆಯುವ ಮೊದಲು ಎಲ್ಲ ಪುಸ್ತಕಗಳೂ ಹೊರಬರಬೇಕು, ಹಾಗಾಗಿ ಮೇ ತಿಂಗಳಲ್ಲಿ ನಮ್ಮ ಕಣ್ಣಿಗೆ ಬಿಡುವಿರಲಿಲ್ಲ. ಪ್ರೂಫ್ ವಿಭಾಗದ ಹಿರಿಯರು ಮೊದಲ ದಿನವೇ ಹೇಳಿದ್ದರು: "ಅರ್ಥಕ್ಕೆ ಹೋಗಬೇಡ. ಅರ್ಥಕ್ಕೆ ಹೋದರೆ ಅಕ್ಷರ ತಪ್ಪುತ್ತದೆ. ನೀನು ಓದುವವಳಲ್ಲ, ನೋಡುವವಳು."

ಆ ಬೇಸಿಗೆಯಲ್ಲಿ ನನಗೆ ಬಂದ ಕೆಲಸ ಕಾರ್ಕಳದ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಪುಸ್ತಕ. ಹಳೆಯ ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು, ಅವುಗಳ ಅರ್ಥ ಹೇಗೆ ಬದಲಾಯಿತು ಎಂದು ಕನ್ನಡದಲ್ಲಿ ವಿವರಿಸುವ ಪುಸ್ತಕ. ಹದಿನೆಂಟು ವರ್ಷ ಕೂಡಿಸಿದ್ದಂತೆ. ಪ್ರತಿ ಅಧ್ಯಾಯದ ಕೊನೆಗೆ ಎರಡು ಕಾಲಂಗಳ ಪಟ್ಟಿ: ಎಡಕ್ಕೆ 'ಹಿಂದೆ', ಬಲಕ್ಕೆ 'ಈಗ'. ಪುಟ ಜೋಡಿಸಿದ ಪ್ರೂಫನ್ನು ಶನಿವಾರ ಮಧ್ಯಾಹ್ನ ನಾನೇ ಕಾರ್ಕಳಕ್ಕೆ ಒಯ್ಯುತ್ತಿದ್ದೆ. ಒಟ್ಟು ಒಂಬತ್ತು ಸಲ ಹೋಗಿದ್ದೇನೆ.

ಮೇಷ್ಟ್ರು ಪ್ರೂಫ್ ತಿದ್ದುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಮೀಟ್ ಎಂದರೆ ಮೊದಲು ಮಾಂಸವಲ್ಲ, ಯಾವ ಆಹಾರವಾದರೂ ಸರಿ. ಡಿಯರ್ ಎಂದರೆ ಜಿಂಕೆಯೇ ಆಗಬೇಕಿರಲಿಲ್ಲ, ಯಾವ ಪ್ರಾಣಿಯೂ ಆಗುತ್ತಿತ್ತು. ನನ್ನ ಅಮ್ಮ ಕಾಪುವಿನಲ್ಲಿ ಮೀನು ಮಾರುವವಳು ಎಂದು ತಿಳಿದ ದಿನ ಅವರು ಫಿಶ್‌ವೈಫ್ ಎಂಬ ಪದ ಹೇಳಿದರು. "ಇದರಲ್ಲಿ ವೈಫ್ ಎಂದರೆ ಹೆಂಡತಿ ಅಲ್ಲ ಮಾರಾಯ್ತಿ, ಬರೀ ಹೆಂಗಸು. ಹಳೆಯ ಅರ್ಥ ಅಲ್ಲಿ ಹಾಗೆಯೇ ಉಳಿದುಬಿಟ್ಟಿದೆ." ಅದೇ ಪದಕ್ಕೆ ಆಮೇಲೆ ಬಾಯಿಬಡುಕಿ ಎಂಬ ಅರ್ಥವೂ ಅಂಟಿಕೊಂಡಿತು ಎನ್ನುವುದನ್ನು ಅವರು ಹೇಳಲಿಲ್ಲ, ಮುಂದಿನ ಪ್ರೂಫಿನಲ್ಲಿ ನಾನೇ ಕಂಡೆ. ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಬುಟ್ಟಿ ತೊಳೆಯುತ್ತಲೇ ಕೇಳಿದಳು.

"ಅವರ ಊರಲ್ಲೂ ನಮಗೆ ಬಾಯಿ ಜೋರು ಅಂತಲೇ ಬರೆದದ್ದಾ?"

"ಹೌದು."

"ಬಾಯಿ ಇಲ್ಲದೆ ಒಂದು ಬುಟ್ಟಿ ಬಂಗುಡೆ ಮಾರಿ ತೋರಿಸಲಿ."

ಏಳನೇ ಅಧ್ಯಾಯ ಮೇಲೇರಿದ ಪದಗಳದು. ನೈಸ್ ಎಂದರೆ ಮೊದಲು ಏನೂ ತಿಳಿಯದವನು, ಈಗ ಚೆನ್ನಾಗಿರುವುದು. ಮಿನಿಸ್ಟರ್ ಮೊದಲು ಸೇವಕ, ಮಾರ್ಷಲ್ ಕುದುರೆ ನೋಡಿಕೊಳ್ಳುವ ಆಳು. ಎಡಕ್ಕೆ ಸಣ್ಣದು, ಬಲಕ್ಕೆ ದೊಡ್ಡದು. ಮೂರು ದಿನ ಅದನ್ನೇ ನೋಡಿ ಕಣ್ಣು ಅದಕ್ಕೆ ಒಗ್ಗಿಹೋಯಿತು. ಎಂಟನೆಯದು ಕೆಳಗಿಳಿದ ಪದಗಳ ಅಧ್ಯಾಯ. ಅದರ ವಿವರಣೆಯನ್ನು ಬುಧವಾರ ನೋಡಿದ್ದೆ, ಎಂದರೆ ಅಕ್ಷರಗಳನ್ನು ನೋಡಿದ್ದೆ. ಗುರುವಾರ ಸಂಜೆ ಅದರ ಪಟ್ಟಿ ಮಾತ್ರ ಬಂತು. ಸಿಲ್ಲಿ: ಹಿಂದೆ ಭಾಗ್ಯವಂತ, ಈಗ ಪೆದ್ದು. ಕನ್ನಿಂಗ್: ಹಿಂದೆ ತಿಳಿದವನು, ಈಗ ಕುತಂತ್ರಿ. ಎಡಕ್ಕೆ ದೊಡ್ಡದು, ಬಲಕ್ಕೆ ಸಣ್ಣದು. ಅಚ್ಚುಮೊಳೆ ಜೋಡಿಸುವವರು ಕಾಲಂಗಳನ್ನು ತಪ್ಪಿ ಇಟ್ಟಿದ್ದಾರೆ ಎಂದುಕೊಂಡೆ.

ಹಸ್ತಪ್ರತಿ ಕೆಳಗಿನ ಅಂತಸ್ತಿನಲ್ಲಿ, ಅಲೆವೂರಿನಿಂದ ಬರುತ್ತಿದ್ದ ಮೊಳೆ ಜೋಡಿಸುವವರ ಬಳಿ ಇತ್ತು. ಮೆಟ್ಟಿಲು ಇಪ್ಪತ್ತೆರಡು. ನಾನು ಇಳಿಯಲಿಲ್ಲ. ಎರಡೂ ಕಾಲಂಗಳನ್ನು ಅದಲುಬದಲು ಮಾಡಲು ಗುರುತು ಹಾಕಿ ಕಳುಹಿಸಿದೆ. ಇಪ್ಪತ್ತಾರು ಪದ. ಅವುಗಳಲ್ಲಿ ವಿಲನ್ ಕೂಡ ಇತ್ತು: ಹಿಂದೆ ಹೊಲದ ಆಳು, ಈಗ ದುಷ್ಟ. ಒಂದೇ ಒಂದು ಸಿನಿಮಾ ನೋಡಿದವರಿಗೂ ಅನುಮಾನ ಬರಬೇಕಿತ್ತು.

ಆ ಶನಿವಾರ ಮೇಷ್ಟ್ರ ಕಣ್ಣಿನ ಪೊರೆ ತೆಗೆದು ಬಟ್ಟೆ ಕಟ್ಟಿದ್ದರು. "ನೀನು ನೋಡಿದ್ದೀಯಲ್ಲ, ಮತ್ತೆ ನಾನು ಎಂತ ನೋಡುವುದು?" ಎಂದು ಅಂದಾಜಿನಲ್ಲಿ ಸಹಿ ಹಾಕಿದರು. ಹಾಳೆಗಳು ಅಚ್ಚಾದವು. ಮೊಳೆಗಳನ್ನು ಬಿಡಿಸಿ ಖಾನೆಗಳಿಗೆ ಹಾಕಿದರು.

ಮೂರು ವಾರದ ನಂತರ, ಗುರುವಾರ, ಮೇಷ್ಟ್ರಿಂದ ಒಂದು ಕಾರ್ಡು ಬಂತು. ಹಿರಿಯರು ಓದಿ ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ: ಕಣ್ಣು ಸರಿಯಾದ ಮೇಲೆ ನೀವು ಕಳುಹಿಸಿದ ಅಚ್ಚಿನ ಹಾಳೆ ನೋಡಿದೆ, ಎಂಟನೇ ಅಧ್ಯಾಯದಲ್ಲಿ ವಿವರಣೆ ಒಂದು ರೀತಿ, ಪಟ್ಟಿ ಅದರ ತಿರುಗುಮುರುಗು, ಒಂದೇ ತಲೆ ಎರಡು ರೀತಿ ಬರೆದಿದೆ, ಇತ್ತೀಚೆಗೆ ಮರೆವು ಹೆಚ್ಚು ಎಂದು ಮನೆಯವರೂ ಹೇಳುತ್ತಿದ್ದಾರೆ, ಇನ್ನು ನನ್ನ ಬರಹದ ಮೇಲೆ ನನಗೆ ನಂಬಿಕೆಯಿಲ್ಲ, ಪುಸ್ತಕ ಅಲ್ಲಿಗೇ ನಿಲ್ಲಿಸಿ. ಇಷ್ಟು ಬರೆದಿದ್ದರು.

"ಪಾಪ, ವಯಸ್ಸಾಯಿತು," ಎಂದರು ಹಿರಿಯರು.

ಹಸ್ತಪ್ರತಿ ತೆಗೆದು ನೋಡಿದೆ; ಅದರಲ್ಲಿ ಪಟ್ಟಿ ಸರಿಯಾಗಿಯೇ ಇತ್ತು. ಪರೀಕ್ಷಾವಧಿ ಮುಗಿಯಲು ಎಂಟು ದಿನ ಉಳಿದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ತಿದ್ದಿದ ಪ್ರೂಫು, ಅಚ್ಚಾದ ಮೇಲೆ ಕೆಳಗಿನಿಂದ ಬಂದ ಹಸ್ತಪ್ರತಿ ಎರಡೂ ನನ್ನ ಕಪಾಟಿನಲ್ಲೇ ಇದ್ದವು. ಗುರುವಾರ, ಶುಕ್ರವಾರ ಹಾಗೆಯೇ ಕಳೆದೆ. ಡೈರಿಯಲ್ಲಿ ಆ ಎರಡು ದಿನಗಳ ಕೆಳಗೆ ಪುಟದ ಲೆಕ್ಕ ಮಾತ್ರ ಇದೆ. ಶನಿವಾರ ಎರಡು ಕಟ್ಟುಗಳನ್ನೂ ಚೀಲದಲ್ಲಿ ಹಾಕಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಧೈರ್ಯ ಎನ್ನುವಂಥದ್ದೇನೂ ಇರಲಿಲ್ಲ. ಮೂರನೇ ದಿನವೂ ಅದನ್ನು ಹೊತ್ತು ತಿರುಗುವಷ್ಟು ಶಕ್ತಿ ನನಗಿರಲಿಲ್ಲ, ಅಷ್ಟೆ.

ಮೇಷ್ಟ್ರು ಜಗಲಿಯಲ್ಲಿ ಕುಳಿತಿದ್ದರು. "ಪುಸ್ತಕ ನಿಲ್ಲಿಸಿದೆ ಎಂದು ಬರೆದಿದ್ದೆನಲ್ಲ. ಮತ್ತೆಂತ ತಂದದ್ದು?"

"ತಪ್ಪು ನಿಮ್ಮದಲ್ಲ ಸರ್. ನಾನು ತಿರುಗಿಸಿದ್ದು."

ಹಸ್ತಪ್ರತಿಯ ಪಕ್ಕ ಪ್ರೂಫ್ ಇಟ್ಟೆ. ಅವರು ಹೊಸ ಕನ್ನಡಕ ಹಾಕಿ ಒಂದೊಂದೇ ಪದದ ಮೇಲೆ ಬೆರಳಿಟ್ಟು ನೋಡಿದರು. ಇಪ್ಪತ್ತಾರನ್ನೂ ನೋಡಿದರು. ಅವಸರ ಮಾಡಲಿಲ್ಲ. ಆಮೇಲೆ ಒಳಗೆ ತಿರುಗಿ ಕೂಗಿದರು: "ಕೇಳಿತಾ? ನನ್ನ ತಲೆ ಸರಿ ಉಂಟು!"

"ಹಾಗಾದರೆ ನಿನ್ನೆ ಹಾಲಿನ ಪಾತ್ರೆ ಒಲೆಯಲ್ಲಿ ಬಿಟ್ಟದ್ದು ಯಾರು?" ಎಂದರು ಅವರ ಹೆಂಡತಿ ಒಳಗಿಂದ.

ಅವರು ನಕ್ಕರು. ನನ್ನ ಕಡೆ ತಿರುಗಿದಾಗ ಆ ನಗು ಇರಲಿಲ್ಲ. "ಹಸ್ತಪ್ರತಿ ನೋಡಲಿಕ್ಕೆ ಎಂತ ಆಗಿತ್ತು ನಿನಗೆ?"

"ಸುಸ್ತಾಗಿತ್ತು ಸರ್."

"ಹತ್ತು ದಿನ ನಾನು ನಿದ್ದೆ ಮಾಡಲಿಲ್ಲ, ಗೊತ್ತುಂಟಾ? ನನ್ನ ಹೆಸರು ನನಗೆ ನೆನಪುಂಟಾ ಎಂದು ಎದ್ದು ಕುಳಿತು ಹೇಳಿಕೊಂಡದ್ದುಂಟು."

ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಮೇಷ್ಟ್ರು ಒಂದು ಹಾಳೆ ತೆಗೆದು, ಮುದ್ರಣ ಮುಂದುವರಿಸಬಹುದು, ಎಂಟನೇ ಅಧ್ಯಾಯದ ಪಟ್ಟಿ ಮಾತ್ರ ಮತ್ತೆ ಅಚ್ಚಾಗಬೇಕು ಎಂದು ಬರೆದರು. ತಪ್ಪು ಯಾರದು ಎಂದು ಬರೆಯಲಿಲ್ಲ. "ಅದನ್ನು ನೀನೇ ಹೇಳು," ಎಂದರು.

ಸೋಮವಾರ ಬೆಳಿಗ್ಗೆ ಹಿರಿಯರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಲೆಕ್ಕ ಹಾಕಿದರು: ಹಾಳೆ ಇಷ್ಟು, ದಿನ ಇಷ್ಟು. ನನ್ನ ಪರೀಕ್ಷಾವಧಿ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು. ಪುಸ್ತಕ ಕಾಲೇಜು ತೆರೆದು ಹನ್ನೊಂದು ದಿನಕ್ಕೆ ಹೊರಬಂತು. ಪಟ್ಟಿಯನ್ನು ಮತ್ತೆ ಜೋಡಿಸಬೇಕಾಗಿ ಬಂದ ಅಲೆವೂರಿನವರು ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಎಂಟನೇ ದಿನ ಪ್ರೂಫ್ ತಂದು ಮೇಜಿನ ಮೇಲೆ ಹಾಕಿ, "ಇದರಲ್ಲಿ ಎಲ್ಲ ಸರಿ ಉಂಟು, ದಯವಿಟ್ಟು ಸರಿ ಮಾಡಬೇಡಿ," ಎಂದು ಹೋದರು.